‘ಅಯ್ಯೋ ಪಾಪ’ ಅನ್ನಿಸುವ ಫೋಟೊ ಬೇಡ

ಬೆಂಗಳೂರಿನ ಹೊರವಲಯದಲ್ಲಿರುವ ಒಂದು ನಾಯಿ ಶೆಲ್ಟರ್‌ಗೆ ಬಿಡುವಿದ್ದ ಭಾನುವಾರ ಕ್ಯಾಮೆರಾ ಹಿಡಿದು ಹೋಗುತ್ತೇನೆ. ಅಲ್ಲಿನ ನಾಯಿಗಳಿಗೆ ಮನೆ ಸಿಗಲಿ ಅಂತ ಫೋಟೊ ತೆಗೆದು ಹಾಕುತ್ತೇನೆ. ಯಾರೋ ಸಾಕಿ ಬಿಟ್ಟುಹೋದ ಹಸ್ಕಿ, ಲ್ಯಾಬ್ರಡಾರ್ ಬಂದರೆ ಫೋಟೊ ಹೇಗಿದ್ದರೂ ಫೋನ್ ಬರುತ್ತದೆ. ನಮ್ಮ ಬೀದಿಯ ನಾಟಿ ನಾಯಿಗಳನ್ನು ಕೇಳುವವರು ಕಡಿಮೆ. ಕರಿ ನಾಯಿಯಾದರಂತೂ ಇನ್ನೂ ಕಷ್ಟ.

ಇಂಥ ನಾಯಿಗಳ ಫೋಟೊ ಸಾಮಾನ್ಯವಾಗಿ ಒಂದೇ ಥರ ಇರುತ್ತದೆ. ಕಬ್ಬಿಣದ ಜಾಲರಿ, ಹಿಂದೆ ಜೋಲು ಮುಖ, ಕೆಳಗೆ ‘ದಯವಿಟ್ಟು ನನ್ನನ್ನು ಕಾಪಾಡಿ’. ಜನ ಅಳುವ ಇಮೋಜಿ ಒತ್ತಿ ಮುಂದೆ ಹೋಗುತ್ತಾರೆ. ಪಾಪ ಅನ್ನಿಸುವುದು ಬೇರೆ, ‘ಇದು ನಮ್ಮನೆ ಸೋಫಾ ಪಕ್ಕ ಮಲಗಿದ್ದರೆ ಚೆನ್ನಾಗಿರುತ್ತೆ ಅಲ್ವಾ’ ಅನ್ನಿಸುವುದು ಬೇರೆ. ನನಗೆ ಬೇಕಿರುವುದು ಎರಡನೆಯದು.

ಹೋದ ತಕ್ಷಣ ಕ್ಯಾಮೆರಾ ತೆಗೆಯುವುದಿಲ್ಲ. ಮೊದಲು ನಾಯಿಯನ್ನು ಒಂದು ಸುತ್ತು ವಾಕಿಂಗ್ ಕರೆದುಕೊಂಡು ಹೋಗುತ್ತೇವೆ. ಓಡಾಡಿ ಬಂದ ನಾಯಿ ಬಾಯಿ ತೆರೆದು ಏದುಸಿರು ಬಿಡುವಾಗ ನಗುತ್ತಿರುವ ಹಾಗೆ ಕಾಣುತ್ತದೆ. ಮತ್ತೆ ಮತ್ತೆ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆನೋಟ ಬೀರಿದರೆ ಅದಕ್ಕೆ ಹೆದರಿಕೆ ಅಂತ ಅರ್ಥ. ಅವತ್ತು ಅದಕ್ಕೆ ರಜೆ. ಫ್ಲಾಶ್ ಯಾವತ್ತೂ ಹಾಕುವುದಿಲ್ಲ. ನಾಯಿ ಬೆಚ್ಚುತ್ತದೆ, ಕಣ್ಣೂ ಹಸಿರಾಗಿ ಹೊಳೆದು ದೆವ್ವದ ಥರ ಬರುತ್ತದೆ.

ಕರಿಯ ಅಂತ ಒಂದು ದೊಡ್ಡ ನಾಯಿ ಇತ್ತು. ಬಿಸಿಲಲ್ಲಿ ತೆಗೆದರೆ ಬರೀ ಮಸಿ, ಕಣ್ಣು ಎಲ್ಲಿ ಮೂಗು ಎಲ್ಲಿ ಗೊತ್ತೇ ಆಗದು. ಅವನನ್ನು ಶೆಡ್ಡಿನ ಅಂಚಿಗೆ, ನೆರಳು ಮುಗಿಯುವ ಕಡೆ, ಆಕಾಶದತ್ತ ಮುಖ ಮಾಡಿ ಕೂರಿಸಿದೆವು. ಹಿಂದೆ ಬಿಳಿ ಗೋಡೆ ಬಾರದ ಹಾಗೆ ನೋಡಿಕೊಂಡು ನಾನು ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿದೆ. ಮೇಲಿಂದ ತೆಗೆದರೆ ತಲೆ ದಪ್ಪ, ಕಾಲು ಗಿಡ್ಡ ಕಾಣುತ್ತದೆ. 50 ಎಂಎಂ ಲೆನ್ಸ್, ಷಟರ್ ವೇಗ 1/500 ಸೆಕೆಂಡ್, ಫೋಕಸ್ ಕಣ್ಣಿನ ಮೇಲೆ. ಮೊಬೈಲಾದರೆ ಪರದೆಯಲ್ಲಿ ಕಣ್ಣಿನ ಮೇಲೆ ಬೆರಳೊತ್ತಿದರೆ ಸಾಕು, ಹಿನ್ನೆಲೆ ಸ್ವಲ್ಪ ಬೆಳ್ಳಗಾದರೂ ಪರವಾಗಿಲ್ಲ.

ಕರಿಯ ಮಾತ್ರ ನನ್ನ ಕಡೆ ನೋಡಲೇ ಇಲ್ಲ. ಪೀಪಿ ಆಟಿಕೆ ಒತ್ತಿದೆ, ಒಂದು ಸಲ ನೋಡಿ ಸುಮ್ಮನಾದ. ಊಟ ಹಾಕುವ ಅಕ್ಕ, “ಅದೆಲ್ಲ ಬೇಡ ಸರ್, ತಡೀರಿ” ಅಂತ ಸ್ಟೀಲ್ ಬೇಸಿನ್ನಿಗೆ ಸೌಟು ಟಣ್ ಅನ್ನಿಸಿದರು. ತಲೆ ಓರೆ ಮಾಡಿ, ಒಂದು ಕಿವಿ ಎತ್ತಿ, ಒಂದು ಕಿವಿ ಮಡಚಿ ನೋಡಿದ ನೋಡಿ! ಕಣ್ಣಲ್ಲಿ ಆಕಾಶದ ಬೆಳಕು ಚುಕ್ಕಿಯಾಗಿ ಕೂತಿತ್ತು. ಆ ಫೋಟೊ ನೋಡಿಯೇ ಒಂದು ಮನೆಯವರು ಬಂದರು.

ಅವನ ಕಿವಿ ತುದಿ ಕತ್ತರಿಸಿದ್ದು ಫೋಟೊದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಜಗಳದ ಗಾಯ ಅಂತ ತುಂಬ ಜನ ತಿಳಿಯುತ್ತಾರೆ. ಸಂತಾನಹರಣ ಆಪರೇಷನ್ ಆಗಿದೆ ಅನ್ನುವುದಕ್ಕೆ ಬೀದಿನಾಯಿಗಳಿಗೆ ಹಾಕುವ ಗುರುತು ಅದು. ಅದನ್ನು ಮುಚ್ಚುವುದಿಲ್ಲ, ಕೆಳಗೆ ಬರೆದೇ ಹಾಕುತ್ತೇನೆ. ಕುಂಟುವ ನಾಯಿಯಾದರೆ ಅದು ನಡೆಯುವ ಚಿಕ್ಕ ವಿಡಿಯೊ ಕೂಡ ಹಾಕುತ್ತೇನೆ. ಮನೆಗೆ ಕರೆದುಕೊಂಡು ಹೋದ ಮೇಲೆ ಗೊತ್ತಾದರೆ ವಾಪಸ್ ತಂದುಬಿಡುತ್ತಾರೆ, ಆ ನಾಯಿಗೆ ಅದು ಜಾಸ್ತಿ ಕಷ್ಟ.

ಬೆಲ್ಟು ಎಡಿಟಿಂಗ್‌ನಲ್ಲಿ ಅಳಿಸುವುದುಂಟು, ಮೈಬಣ್ಣ ಮುಟ್ಟುವುದಿಲ್ಲ. ಮುಖದ ಫೋಟೊ ಜೊತೆ ಮನುಷ್ಯರ ಪಕ್ಕ ನಿಂತಿರುವುದೂ ಒಂದು ಇರಬೇಕು. ಫ್ಲಾಟಿನಲ್ಲಿರುವವರು ಮೊದಲು ಕೇಳುವುದೇ ‘ಎಷ್ಟು ಎತ್ತರ ಇದೆ’ ಅಂತ. ಬರಹದಲ್ಲಿ ‘ತುಂಬ ಮುದ್ದು’ ಅನ್ನುವುದಕ್ಕಿಂತ ‘ಮಕ್ಕಳ ಜೊತೆ ಹೊಂದಿಕೊಳ್ಳುತ್ತೆ, ಬೆಕ್ಕು ಕಂಡರೆ ಆಗಲ್ಲ, ಮೊಸರನ್ನ ಪ್ರಾಣ’ ಅಂತಿದ್ದರೆ ಓದಿದವರು ಫೋನ್ ಮಾಡುತ್ತಾರೆ. ಮನೆ ಸಿಕ್ಕ ದಿನವೇ ಹಳೇ ಪೋಸ್ಟಿನ ಮೇಲೆ ‘ಮನೆ ಸಿಕ್ಕಿದೆ’ ಅಂತ ಬರೆದುಬಿಡಿ. ಇಲ್ಲಾಂದ್ರೆ ವಾಟ್ಸಾಪ್‌ನಲ್ಲಿ ಅದು ಸುತ್ತುತ್ತಲೇ ಇರುತ್ತೆ, ಕರಿಯನನ್ನು ಕೇಳಿಕೊಂಡು ನನಗೆ ಈಗಲೂ ಫೋನ್ ಬರುತ್ತಿದೆ. ಹಾಗೆ ಕೇಳಿದವರಿಗೆ ಇನ್ನೊಂದು ಕರಿ ನಾಯಿಯ ಫೋಟೊ ಕಳಿಸುತ್ತೇನೆ.