ಮೂರು ಸೀಲರ್, ಒಂದು ನೀಲಿ ಬಣ್ಣ: ಬೇರುನಾಳದ ಸೋರಿಕೆ ಪರೀಕ್ಷೆ ಮಾಡಿದ ಅನುಭವ

ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಬೇರಿನೊಳಗಿನ ನಾಳಕ್ಕೆ ತುಂಬುವ ರಬ್ಬರಿನಂಥ ಗಟ್ಟಾ ಪರ್ಚಾ, ನಾಳದ ಗೋಡೆಯಾದ ಡೆಂಟಿನ್‌ಗೆ ಅಂಟುವುದಿಲ್ಲ. ಅದರ ಚೂಪು ಕಡ್ಡಿ, ಅಂದರೆ ಕೋನ್, ಎಷ್ಟೇ ಬಿಗಿಯಾಗಿ ಕೂತರೂ ಅದಕ್ಕೂ ನಾಳದ ಗೋಡೆಗೂ ನಡುವೆ ಸಂದಿ ಉಳಿದೇ ಉಳಿಯುತ್ತದೆ. ಆ ಸಂದಿ ಮುಚ್ಚುವುದು ಸೀಲರ್ ಎಂಬ ಪೇಸ್ಟಿನ ಕೆಲಸ. ತುಂಬಿದ ಬೇರನ್ನು ನೀಲಿ ಬಣ್ಣದಲ್ಲಿ ಮುಳುಗಿಸಿ, ತುದಿಯಿಂದ ಬಣ್ಣ ಎಷ್ಟು ಒಳಹೋಯಿತೆಂದು ಅಳೆಯುವುದೇ ಸೋರಿಕೆ ಪರೀಕ್ಷೆ. ಯಾವ ಸೀಲರ್ ಕಡಿಮೆ ಸೋರುತ್ತದೆ ಎಂದು ರಾಯಚೂರಿನ ಬಿಸಿಲಿನಲ್ಲಿ, ಕಿತ್ತ ಹಲ್ಲುಗಳ ಮೇಲೆ ನಾನು ಪರೀಕ್ಷೆ ಮಾಡಿದ ಕ್ರಮ ಇಲ್ಲಿದೆ. ಡೆಸರ್ಟೇಷನ್‌ಗೆ ಇದೇ ವಿಷಯ ಹಿಡಿಯುವ ಪಿಜಿಗಳಿಗೆ ಎಲ್ಲೆಲ್ಲಿ ಕೈತಪ್ಪುತ್ತದೆ ಎನ್ನುವುದು ಗೊತ್ತಾಗಬೇಕು.

ತೆಗೆದುಕೊಂಡ ಸೀಲರ್ ಮೂರು: ಜಿಂಕ್ ಆಕ್ಸೈಡ್ ಯೂಜಿನಾಲ್, ಎಪಾಕ್ಸಿ ರೆಸಿನ್ ಆಧಾರದ ಎಎಚ್ ಪ್ಲಸ್, ಸಿರಿಂಜಿನಲ್ಲೇ ಕಲಸಿ ಬರುವ ಕ್ಯಾಲ್ಸಿಯಂ ಸಿಲಿಕೇಟ್ ಸೀಲರ್, ಅಂದರೆ ನಾವು ಬಯೋಸೆರಾಮಿಕ್ ಅನ್ನುವುದು. ಒಂದೊಂದಕ್ಕೆ 15 ಹಲ್ಲು. ಸೀಲರ್ ಹಾಕದೆ ಬರೀ ಕೋನ್ ತುಂಬಿದ 5 ಹಲ್ಲು ಪಾಸಿಟಿವ್ ಕಂಟ್ರೋಲ್, ಇವು ಸೋರಲೇಬೇಕು. ತುದಿ ಸಮೇತ ಇಡೀ ಬೇರಿಗೆ ನೈಲ್ ಪಾಲಿಶ್ ಬಳಿದ 5 ಹಲ್ಲು ನೆಗೆಟಿವ್ ಕಂಟ್ರೋಲ್, ಇವು ಸೋರಲೇಬಾರದು. ಈ ಹತ್ತು ಹಲ್ಲು ಉಳಿಸಲು ಹೋಗಬೇಡಿ. ನೆಗೆಟಿವ್ ಕಂಟ್ರೋಲ್‌ನಲ್ಲಿ ಬಣ್ಣ ಕಂಡರೆ ಪಾಲಿಶ್ ಸೋರಿದೆ ಎಂದರ್ಥ, ಆಮೇಲೆ ಉಳಿದ ಯಾವ ಅಳತೆಯನ್ನೂ ನಂಬುವಂತಿಲ್ಲ.

ಹಲ್ಲಿನ ಆಯ್ಕೆಯಲ್ಲೇ ಅರ್ಧ ಫಲಿತಾಂಶ ನಿರ್ಧಾರವಾಗುತ್ತದೆ. ಆರ್ಥೋ ಚಿಕಿತ್ಸೆಗೆಂದು (ಹಲ್ಲು ಸಾಲು ಸರಿಪಡಿಸಲು) ಒಪ್ಪಿಗೆ ಪಡೆದು ಕಿತ್ತ, ಕೆಳದವಡೆಯ ಪ್ರಿಮೋಲಾರ್‌ಗಳನ್ನೇ, ಅಂದರೆ ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲುಗಳನ್ನೇ ಬಳಸಿದೆ. ಎಕ್ಸ್‌ರೇ ಎದುರಿನಿಂದಲೂ ಪಕ್ಕದಿಂದಲೂ, ಎರಡು ಬಾರಿ. ಎದುರಿನಿಂದ ಸಪೂರವಾಗಿ ಕಂಡ ನಾಳ ಪಕ್ಕದಿಂದ ನೋಡಿದರೆ ಹುಣಸೆ ಬೀಜದ ಹಾಗೆ ಚಪ್ಪಟೆಯಾಗಿರಬಹುದು. ಅಂಥದ್ದನ್ನು ತೆಗೆದು ಬದಿಗಿಡಿ, ಇಲ್ಲವೇ ಎಲ್ಲ ಗುಂಪಿಗೂ ಸಮವಾಗಿ ಹಂಚಿ. ಕಿತ್ತ ಹಲ್ಲು 0.1% ಥೈಮಾಲ್ ದ್ರಾವಣದಲ್ಲೇ ಇರಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಹಲ್ಲನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗಿ ಬಂದರೆ ಡೆಂಟಿನ್ ಒಣಗಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಬಣ್ಣ ಆ ಬಿರುಕಿನಲ್ಲಿ ಇಳಿಯುತ್ತದೆ, ಬೈಗುಳ ಸೀಲರ್‌ಗೆ ಬೀಳುತ್ತದೆ.

ಡೈಮಂಡ್ ಡಿಸ್ಕ್‌ನಿಂದ ನೀರು ಬಿಡುತ್ತಾ ಹಲ್ಲಿನ ತಲೆಭಾಗ ಕತ್ತರಿಸಿ ಎಲ್ಲ ಬೇರುಗಳನ್ನೂ 14 ಮಿ.ಮೀ.ಗೆ ತಂದೆ. 10ನೇ ನಂಬರಿನ ಕೆ-ಫೈಲ್ (ನಾಳ ಕೆರೆಯುವ ಸಪೂರ ಅರ) ಬೇರಿನ ತುದಿಯಲ್ಲಿ ಕಾಣಿಸಿದ ಅಳತೆಯಿಂದ 1 ಮಿ.ಮೀ. ಕಳೆದದ್ದು ವರ್ಕಿಂಗ್ ಲೆಂತ್, ಅಂದರೆ ಕೆಲಸ ಮಾಡುವ ಉದ್ದ. ರೋಟರಿಯಲ್ಲಿ (ಯಂತ್ರದಿಂದ ತಿರುಗುವ ಫೈಲ್) ಎಫ್3 ಎಂಬ ಅಳತೆಯ ಫೈಲ್ ತನಕ ಅಗಲ ಮಾಡಿದೆ. ಪ್ರತಿ ಫೈಲಿನ ನಂತರ 3% ಸೋಡಿಯಂ ಹೈಪೋಕ್ಲೋರೈಟ್ 2 ಮಿ.ಲೀ., ಪಕ್ಕದಲ್ಲಿ ತೂತಿರುವ 30 ಗೇಜ್ ಸೂಜಿಯಿಂದ. ಹೈಪೋಕ್ಲೋರೈಟ್ ಬಿಸಿಲಿಗೂ ಸೆಕೆಗೂ ಶಕ್ತಿ ಕಳೆದುಕೊಳ್ಳುತ್ತದೆ. ಕಿಟಕಿ ಪಕ್ಕ ಬಿಳಿ ಬಾಟಲಿಯಲ್ಲಿಟ್ಟದ್ದರ ಮೇಲೆ ಲೇಬಲ್ ಏನೇ ಹೇಳಲಿ, ಒಳಗೆ ಅಷ್ಟು ಇರುವುದಿಲ್ಲ. ಬಣ್ಣದ ಬಾಟಲಿ, ಫ್ರಿಜ್, ಬಾಟಲಿ ತೆರೆದ ತಾರೀಕು ಬರೆದ ಚೀಟಿ ಮೂರೂ ಬೇಕು.

ಕೊನೆಯ ತೊಳೆತದ ಕ್ರಮ ಮುಖ್ಯ. 17% ಇಡಿಟಿಎ ಒಂದು ನಿಮಿಷ, ನಂತರ ಡಿಸ್ಟಿಲ್ಡ್ ವಾಟರ್. ಇಡಿಟಿಎ ಗೋಡೆಯ ಮೇಲಿನ ಸ್ಮಿಯರ್ ಲೇಯರ್, ಅಂದರೆ ಫೈಲ್ ಕೆರೆದಾಗ ಮೆತ್ತಿಕೊಂಡ ಪುಡಿಯ ಪದರ, ತೆಗೆಯುತ್ತದೆ, ಆಗ ಸೀಲರ್ ಡೆಂಟಿನ್ ನಳಿಕೆಗಳ ಬಾಯಿಗೆ ಇಳಿಯಬಲ್ಲದು. ಹೈಪೋಕ್ಲೋರೈಟನ್ನೇ ಕೊನೆಗೆ ಬಿಟ್ಟರೆ ಗೋಡೆಯಲ್ಲಿ ಉಳಿಯುವ ಆಕ್ಸಿಜನ್ ರೆಸಿನ್ ಅಂಟುವುದಕ್ಕೆ ಅಡ್ಡ ಬರುತ್ತದೆ. ಹೈಪೋಕ್ಲೋರೈಟ್ ಇರುವಾಗಲೇ ಕ್ಲೋರ್‌ಹೆಕ್ಸಿಡಿನ್ ಎಂಬ ಇನ್ನೊಂದು ರೋಗಾಣುನಾಶಕ ಬಿಟ್ಟರಂತೂ ಕಂದು ಗಷ್ಟು ಕಟ್ಟಿ ನಳಿಕೆಗಳೇ ಮುಚ್ಚಿಹೋಗುತ್ತವೆ.

ಇನ್ನು ಸೀಲರ್ ಹಾಕುವುದು. ಜಿಂಕ್ ಆಕ್ಸೈಡ್ ಯೂಜಿನಾಲ್ ನಮ್ಮ ಹವೆಗೆ ಬಹಳ ಬೇಗ ಸೋಲುವ ವಸ್ತು. ಸೆಕೆಯೂ ತೇವವೂ ಎರಡೂ ಅದನ್ನು ಬೇಗ ಗಟ್ಟಿ ಮಾಡುತ್ತವೆ. ಗಾಜಿನ ಸ್ಲ್ಯಾಬ್ ತಣ್ಣಗಿರಲಿ, ಆದರೆ ಫ್ರಿಜ್‌ನಿಂದ ತೆಗೆದ ತಕ್ಷಣ ಕಲಸಬೇಡಿ. ಮಳೆಗಾಲದಲ್ಲಿ ಅದರ ಮೇಲೆ ಕಟ್ಟುವ ಇಬ್ಬನಿಯಂಥ ನೀರೇ ಗಟ್ಟಿಯಾಗುವ ಕ್ರಿಯೆ ಶುರು ಮಾಡಿಬಿಡುತ್ತದೆ. ಒರೆಸಿ, ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಚೆನ್ನಾಗಿ ಅರೆಯಿರಿ. ಸ್ಪ್ಯಾಚುಲಾ ಎತ್ತಿದರೆ ಬೆಲ್ಲದ ಪಾಕದ ಎಳೆಯಂತೆ ಸುಮಾರು ಒಂದು ಇಂಚು ಎದ್ದು ಆಮೇಲೆ ತುಂಡಾಗಬೇಕು. ನೀರಾದರೆ ಹೆಚ್ಚು ಕರಗುತ್ತದೆ, ಗಟ್ಟಿಯಾದರೆ ಪದರ ದಪ್ಪವಾಗಿ ಕೋನ್ ಪೂರ್ತಿ ಕೆಳಗೆ ಕೂರುವುದಿಲ್ಲ. ಸೀಲರ್ ಪದರ 50 ಮೈಕ್ರಾನ್ ಮೀರಬಾರದು, ಕರಗುವಿಕೆ 3% ದಾಟಬಾರದು ಎನ್ನುತ್ತದೆ ಸೀಲರ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 6876.

ಎಎಚ್ ಪ್ಲಸ್ ಸುಲಭ. ಎರಡು ಟ್ಯೂಬಿನಿಂದ ಸಮ ಉದ್ದ ತೆಗೆದು, ಒಂದೇ ಬಣ್ಣ ಬರುವ ತನಕ ಕಲಸಿದರಾಯಿತು. ದೇಹದ ಶಾಖದಲ್ಲಿ ಗಟ್ಟಿಯಾಗಲು ಸುಮಾರು 8 ಗಂಟೆ ಬೇಕು, ಹಾಗಾಗಿ ಗಡಿಬಿಡಿ ಇಲ್ಲ. ಟ್ಯೂಬಿನ ಮುಚ್ಚಳ ಅದಲುಬದಲಾದರೆ ಮಾತ್ರ ಬಾಯಲ್ಲೇ ಗಟ್ಟಿಯಾಗಿ ಮುಂದಿನ ಸಲ ಅಳತೆ ತಪ್ಪುತ್ತದೆ. ಬಯೋಸೆರಾಮಿಕ್‌ನ ನಡತೆ ಬೇರೆ, ಅದು ಡೆಂಟಿನ್‌ನ ತೇವ ಕುಡಿದೇ ಗಟ್ಟಿಯಾಗುವುದು. ರೆಸಿನ್‌ಗೆ ಒಣಗಿಸಿದಂತೆ ಪೇಪರ್ ಪಾಯಿಂಟ್ (ನೀರು ಹೀರುವ ಕಾಗದದ ಕಡ್ಡಿ) ಮೇಲೆ ಪೇಪರ್ ಪಾಯಿಂಟ್ ಹಾಕಿ ನಾಳವನ್ನು ಖಣಖಣ ಒಣಗಿಸಬಾರದು. ನಿಂತ ನೀರು ಹೀರಿದರೆ ಸಾಕು. ಇಂಜೆಕ್ಟ್ ಮಾಡುವುದು ನಾಳದ ಮೇಲ್ಭಾಗದಲ್ಲಿ ಮಾತ್ರ, ಕೆಳಗೆ ಒಯ್ಯುವುದು ಕೋನ್. ಯಾವ ಸೀಲರ್ ಆದರೂ ಕೋನನ್ನು ಒತ್ತಿ ಗುದ್ದಬೇಡಿ, ನಿಧಾನ ಇಳಿಸಿ. ಗಾಳಿ ಹೊರಬರಲು ಸಮಯ ಸಿಗದಿದ್ದರೆ ಗುಳ್ಳೆ ಒಳಗೇ ಉಳಿಯುತ್ತದೆ. ಸೀಲರ್ ಒಳಗೊಯ್ಯುವ ಸುರುಳಿ ತಂತಿ ಲೆಂಟುಲೋವನ್ನು ವೇಗವಾಗಿ ತಿರುಗಿಸಿದರೂ ಅದೇ ಗುಳ್ಳೆ.

ತುಂಬಿದ ಬೇರುಗಳು ಒದ್ದೆ ಗಾಜ್ ಇಟ್ಟ ಮುಚ್ಚಿದ ಡಬ್ಬಿಯಲ್ಲಿ, 37 ಡಿಗ್ರಿ ಇನ್‌ಕ್ಯುಬೇಟರಿನಲ್ಲಿ 7 ದಿನ. ಕರೆಂಟ್ ಹೋದ ಗಂಟೆಗಳನ್ನು ಬರೆದಿಡಿ. ನಂತರ ತುದಿಯ 2 ಮಿ.ಮೀ. ಬಿಟ್ಟು ಎರಡು ಪದರ ನೈಲ್ ಪಾಲಿಶ್, ಮೊದಲನೆಯದು ಪೂರ್ತಿ ಆರಿದ ಮೇಲೇ ಎರಡನೆಯದು. ಆಮೇಲೆ 2% ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದಲ್ಲಿ 72 ಗಂಟೆ. ಬಳಿಕ ತೊಳೆದು, ಪಾಲಿಶ್ ಕೆರೆದು, ಬೇರಿನ ಎರಡೂ ಬದಿಗೆ ಡಿಸ್ಕ್‌ನಿಂದ ಗೀರು ಹಾಕಿ ಉಳಿಯಿಂದ ಸೀಳುವುದು. ಗೀರು ನಾಳ ಮುಟ್ಟಿದರೆ ಡಿಸ್ಕಿನ ನೀರು ಬಣ್ಣವನ್ನು ಹರಡಿಬಿಡುತ್ತದೆ, ಆ ಹಲ್ಲನ್ನು ಕೈಬಿಡಬೇಕು. ಅಳೆಯುವವರಿಗೆ ಯಾವ ಹಲ್ಲು ಯಾವ ಗುಂಪಿನದೆಂದು ತಿಳಿಯಬಾರದು.

ಸೋರದ ಸೀಲರ್ ಮೂರರಲ್ಲೂ ಇರಲಿಲ್ಲ. ಸೀಲರ್ ಇಲ್ಲದ ಬೇರುಗಳಲ್ಲಿ ನೀಲಿ ಮೇಲಿನ ತನಕ ಏರಿತ್ತು, ಆ ವ್ಯತ್ಯಾಸ ಕಣ್ಣಿಗೆ ರಾಚುವಂಥದ್ದು. ಆದರೆ ಸೀಲರ್–ಸೀಲರ್ ನಡುವಿನ ವ್ಯತ್ಯಾಸ ಒಂದೇ ಗುಂಪಿನ ಹಲ್ಲು–ಹಲ್ಲಿನ ನಡುವಿನ ವ್ಯತ್ಯಾಸದಲ್ಲಿ ಮುಳುಗಿಹೋಗುತ್ತಿತ್ತು. ಬಣ್ಣ ಇಳಿದ ಜಾಗ ನೋಡಿದರೆ ಕಾರಣ ತಿಳಿಯುತ್ತದೆ: ಫೈಲ್ ಮುಟ್ಟದ ಮೂಲೆ, ಕೋನ್ ಒಂದು ಬದಿಗೆ ಸರಿದು ಇನ್ನೊಂದು ಬದಿ ದಪ್ಪ ಸೀಲರ್ ನಿಂತ ಕಡೆ, ಗುಳ್ಳೆ.

ಬಣ್ಣದ ಪರೀಕ್ಷೆಯ ದೋಷವೂ ಇಲ್ಲೇ ಇದೆ. ಬಯೋಸೆರಾಮಿಕ್ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಿಡುತ್ತದೆ, ಆ ಕ್ಷಾರ ಮಿಥಿಲೀನ್ ಬ್ಲೂ ಬಣ್ಣವನ್ನೇ ಕೆಡಿಸುತ್ತದೆ. ನೀಲಿ ಕಾಣದಿದ್ದರೆ ಸೋರಿಲ್ಲವೆಂದಲ್ಲ. ಸಂದಿಯಲ್ಲಿ ಸಿಕ್ಕಿಬಿದ್ದ ಗಾಳಿಯೂ ಬಣ್ಣವನ್ನು ತಡೆಯುತ್ತದೆ, ಅದಕ್ಕೆ ಮೊದಲು ವ್ಯಾಕ್ಯೂಮ್ ಕೊಡಬೇಕು. ಮೇಲಾಗಿ ಮಿಥಿಲೀನ್ ಬ್ಲೂ ಅಣು ಬ್ಯಾಕ್ಟೀರಿಯಾಗಿಂತ ಎಷ್ಟೋ ಚಿಕ್ಕದು, ಬಣ್ಣ ಹೋದಲ್ಲೆಲ್ಲ ರೋಗಾಣು ಹೋಗಲಾರದು. ಬೇರನ್ನು ಸೀಳದೆ 5% ನೈಟ್ರಿಕ್ ಆಸಿಡ್, ಆಲ್ಕೋಹಾಲ್, ಮಿಥೈಲ್ ಸ್ಯಾಲಿಸಿಲೇಟ್‌ನಲ್ಲಿ ಪಾರದರ್ಶಕ ಮಾಡಿ ನೋಡುವುದಾದರೆ ಇಂಡಿಯಾ ಇಂಕ್ ಬಳಸಿ, ಮಿಥಿಲೀನ್ ಬ್ಲೂ ತೊಳೆದುಹೋಗುತ್ತದೆ. ಸೀಲರ್‌ಗಳನ್ನು ಹೋಲಿಸುವ ಇಂಥ ಸೋರಿಕೆ ಅಧ್ಯಯನಗಳನ್ನು ಇನ್ನು ಪ್ರಕಟಿಸುವುದಿಲ್ಲ ಎಂದು ಜರ್ನಲ್ ಆಫ್ ಎಂಡೋಡಾಂಟಿಕ್ಸ್ ಸಂಪಾದಕರು 2007ರಲ್ಲೇ ಹೇಳಿದ್ದಾರೆ. ಕೈ ಪಳಗಲು, ತಪ್ಪು ಕಾಣಲು ಇದು ಒಳ್ಳೆಯ ಪರೀಕ್ಷೆ. ಯಾವ ಬ್ರ್ಯಾಂಡ್ ಕೊಳ್ಳಬೇಕೆಂದು ತೀರ್ಮಾನಿಸಲು ಅಲ್ಲ.

ಕುರ್ಚಿಯ ಮೇಲೆ ಕೂತ ರೋಗಿಯ ವಿಷಯದಲ್ಲಿ ನನಗೆ ಹೆಚ್ಚು ಭಯ ಬೇರಿನ ತುದಿಯದಲ್ಲ, ಮೇಲಿನಿಂದ, ಬಾಯಿಯ ಕಡೆಯಿಂದ ಇಳಿಯುವ ಸೋರಿಕೆಯದು. 1990ರಲ್ಲಿ ತೊರಾಬಿನೆಜಾದ್ ಮತ್ತು ಸಂಗಡಿಗರು ಕಿತ್ತ ಹಲ್ಲುಗಳಲ್ಲಿ ತೋರಿಸಿದಂತೆ, ಮೇಲೆ ಫಿಲ್ಲಿಂಗ್ ಇಲ್ಲದೆ ಬ್ಯಾಕ್ಟೀರಿಯಾಕ್ಕೆ ತೆರೆದಿಟ್ಟ ಬೇರುಗಳಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾಕ್ಕೆ 19 ದಿನಕ್ಕೆ ಅರ್ಧಕ್ಕಿಂತ ಹೆಚ್ಚು, ಇನ್ನೊಂದಕ್ಕೆ 42 ದಿನಕ್ಕೆ ಅರ್ಧದಷ್ಟು ತುದಿಯ ತನಕ ಕೆಟ್ಟಿದ್ದವು. ಸಿಂಧನೂರು, ಮಾನ್ವಿ ಕಡೆಯ ರೋಗಿ ಭತ್ತದ ನಾಟಿ ಶುರುವಾದರೆ ನೋವಿಲ್ಲದ ಹಲ್ಲಿಗಾಗಿ ಬಸ್ಸು ಹತ್ತಿ ಬರುವುದಿಲ್ಲ. ಹಲ್ಲಿನ ಮೇಲೆ ಕೂರಿಸಬೇಕಾದ ಕ್ಯಾಪಿನ ಮಾತು ಸುಗ್ಗಿಗೆ ಹೋಗುತ್ತದೆ. ಹಾಗಾಗಿ ತುಂಬಿದ ದಿನವೇ ನಾಳದ ಬಾಯಿಂದ 2 ಮಿ.ಮೀ. ಗಟ್ಟಾ ಪರ್ಚಾ ತೆಗೆದು ಹಲ್ಲಿಗೆ ಅಂಟುವ ಗ್ಲಾಸ್ ಅಯೊನೊಮರ್ ಸಿಮೆಂಟ್ ಹಾಕಿ, ಮೇಲೆ ಪಕ್ಕಾ ಫಿಲ್ಲಿಂಗ್ ಮಾಡಿಯೇ ಕಳಿಸುತ್ತೇನೆ. ಸೀಲರ್ ಯೂಜಿನಾಲಿನದಾದರೆ ಹಲ್ಲಿನ ತಲೆಯೊಳಗಿನ ಪೊಳ್ಳನ್ನು (ಚೇಂಬರ್) ಆಲ್ಕೋಹಾಲ್ ಹತ್ತಿಯಿಂದ ಒರೆಸದೆ ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್ ಕಾಂಪೋಸಿಟ್ ಮುಟ್ಟಿಸಬೇಡಿ, ಉಳಿದ ಯೂಜಿನಾಲ್ ಅದನ್ನು ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ. ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಕಂದುಗಟ್ಟಿದ ಹಲ್ಲು ಸಾಮಾನ್ಯ. ಅಂಥ ಎನಾಮೆಲ್ ಆಸಿಡ್‌ಗೆ ಬೇಗ ಬಗ್ಗುವುದಿಲ್ಲ, ಎಚ್ಚಿಂಗ್ (ಫಿಲ್ಲಿಂಗ್ ಅಂಟಲು ಆಸಿಡ್ ಹಚ್ಚುವುದು) ಸಮಯ ಹೆಚ್ಚಿಸದಿದ್ದರೆ ಫಿಲ್ಲಿಂಗಿನ ಅಂಚೇ ಸೋರುತ್ತದೆ.

ಟೆಂಪರರಿ ಫಿಲ್ಲಿಂಗ್ ಅನಿವಾರ್ಯವಾದರೆ ಕನಿಷ್ಠ 3.5 ಮಿ.ಮೀ. ದಪ್ಪ ಇರಲಿ. ಕೆಳಗೆ ದೊಡ್ಡ ಹತ್ತಿ ಉಂಡೆ ಇಟ್ಟರೆ ಆ ದಪ್ಪ ಸಿಗುವುದಿಲ್ಲ, ಅಡಿಕೆ ಅಗಿಯುವ ಬಾಯಲ್ಲಿ ಅದು ಕುಸಿಯುತ್ತದೆ. ಪೋಸ್ಟ್ (ಬೇರಿನೊಳಗೆ ಕೂರಿಸುವ ಆಧಾರದ ಕಡ್ಡಿ) ಹಾಕುವ ಹಲ್ಲಿನಲ್ಲಿ ತುದಿಗೆ 4–5 ಮಿ.ಮೀ. ಗಟ್ಟಾ ಪರ್ಚಾ ಬಿಡಿ. ಫಿಲ್ಲಿಂಗ್ ಬಿದ್ದು ಮೂರು ತಿಂಗಳು ಎಂಜಲಿಗೆ ತೆರೆದಿದ್ದ ಹಲ್ಲು ಬಂದರೆ, ಎಕ್ಸ್‌ರೇಯಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಮೇಲೆ ಕ್ಯಾಪ್ ಹಾಕುವುದಿಲ್ಲ. ಒಳಗಿನದೆಲ್ಲ ತೆಗೆದು, ತೊಳೆದು, ಹೊಸದಾಗಿ ತುಂಬುತ್ತೇನೆ.