ಡಬ್ಬದಲ್ಲಿ ನಿಪ್ಪಟ್ಟಿದ್ದರೆ ಅರ್ಧ ಕೆಲಸ ಮುಗಿದ ಹಾಗೆ

ಸಂಜೆ ಐದಕ್ಕೆ ಬಾಯಾಡಿಸಲು ಏನಾದರೂ ಬೇಕು ಅನ್ನಿಸುತ್ತದೆ, ಆರಕ್ಕೆ ಯಾರಾದರೂ ಬಂದು ಕೂರುತ್ತಾರೆ. ಈ ಎರಡಕ್ಕೂ ನಾನು ಹಿಡಿದಿರುವ ದಾರಿ ಒಂದೇ. ಕರಿಯುವುದು ಹದಿನೈದು ದಿನಕ್ಕೊಮ್ಮೆ, ಉಳಿದ ದಿನ ಬರೀ ಕಲಸುವುದು. ಡಬ್ಬದಲ್ಲಿ ನಿಪ್ಪಟ್ಟು ಮತ್ತು ಖಾರದ ಅವಲಕ್ಕಿ, ಬಾಯಿ ಕಟ್ಟಿದ ಚೀಲದಲ್ಲಿ ಕಡಲೆಪುರಿ, ಫ್ರಿಜ್ಜಿನಲ್ಲಿ ಒಂದು ಬಾಟಲಿ ಗೊಜ್ಜು ಇಷ್ಟಿದ್ದರೆ ಹತ್ತು ನಿಮಿಷದಲ್ಲಿ ಆರು ಜನಕ್ಕೆ ತಟ್ಟೆ ತುಂಬುತ್ತದೆ. ಬಂದವರನ್ನು ಹೊರಗೆ ಕೂರಿಸಿ ನಾವು ಬಾಣಲೆ ಮುಂದೆ ಬೆವರುವುದರಲ್ಲಿ ಅರ್ಥವಿಲ್ಲ.

ಕೆಳಗಿನ ಅಳತೆಗಳಲ್ಲಿ ಕಪ್ ಎಂದರೆ 240 ಮಿಲಿ, ದೊಡ್ಡ ಚಮಚ 15 ಮಿಲಿ, ಚಿಕ್ಕ ಚಮಚ 5 ಮಿಲಿ.

ನಿಪ್ಪಟ್ಟು

2 ಕಪ್ ಅಕ್ಕಿ ಹಿಟ್ಟು, ಕಾಲು ಕಪ್ ಮೈದಾ, ಕಾಲು ಕಪ್ ಚಿರೋಟಿ ರವೆ, ಅರ್ಧ ಕಪ್ ಹುರಿಗಡಲೆ ಪುಡಿ, ಹುರಿದು ತರಿತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ ಅರ್ಧ ಕಪ್, ಒಣಕೊಬ್ಬರಿ ತುರಿ 2 ದೊಡ್ಡ ಚಮಚ, ಎಳ್ಳು 1 ದೊಡ್ಡ ಚಮಚ, ಅಚ್ಚಖಾರದ ಪುಡಿ 2 ಚಿಕ್ಕ ಚಮಚ, ಉಪ್ಪು ಒಂದೂವರೆ ಚಿಕ್ಕ ಚಮಚ, ಇಂಗು, ಸಣ್ಣಗೆ ಹೆಚ್ಚಿದ ಎರಡು ಎಸಳು ಕರಿಬೇವು. ಖಾರದ ಪುಡಿ ಬ್ಯಾಡಗಿಯದಾದರೆ ಬಣ್ಣ ಚೆನ್ನಾಗಿ ಬರುತ್ತದೆ, ಖಾರ ಹದವಾಗಿರುತ್ತದೆ.

ಯಾವುದು ಯಾಕೆ ಎಂದು ಗೊತ್ತಿದ್ದರೆ ಅಳತೆ ಹೆಚ್ಚು ಕಡಿಮೆ ಮಾಡಲು ಧೈರ್ಯ ಬರುತ್ತದೆ. ಗರಿಗರಿ ಅಕ್ಕಿ ಹಿಟ್ಟಿನದು, ಆದರೆ ಅದಕ್ಕೆ ಜಿಗುಟಿಲ್ಲ, ಒಂದೇ ಆದರೆ ತಟ್ಟುವಾಗಲೇ ಸೀಳುತ್ತದೆ. ಹಿಡಿದು ನಿಲ್ಲಿಸುವುದು ಮೈದಾ. ರವೆ ಹಲ್ಲಿಗೆ ಸಿಗುವ ತರಿ ಕೊಡುತ್ತದೆ. ಹುರಿಗಡಲೆ ಪುಡಿಯಿಂದ ನಿಪ್ಪಟ್ಟು ಕಲ್ಲಾಗದೆ ಮುರಿದರೆ ಪುಡಿಯಾಗುವ ಹದಕ್ಕೆ ಬರುತ್ತದೆ. ರುಚಿ ಎಂದು ಅದನ್ನೇ ಒಂದು ಕಪ್ ಸುರಿದರೆ ಒಳಗೆ ಬೇಯುವ ಮೊದಲೇ ಹೊರಗೆ ಕೆಂಪಾಗುತ್ತದೆ. ಕಡಲೆಕಾಯಿ ಬೀಜ ಇಡಿಯಾಗಿದ್ದರೆ ಅದರ ಸುತ್ತಲೇ ಬಿರುಕು ಬಿಡುತ್ತದೆ, ನುಣ್ಣಗಾದರೆ ಎಣ್ಣೆ ಬಿಟ್ಟು ಜಿಡ್ಡಾಗುತ್ತದೆ. ಒಂದು ಬೀಜ ನಾಲ್ಕೈದು ಚೂರಾದರೆ ಸರಿ.

ಹೊರದೇಶದಲ್ಲಿರುವವರಿಗೆ ಒಂದು ಮಾತು. ಅಲ್ಲಿನ ಏಷ್ಯನ್ ಅಂಗಡಿಗಳಲ್ಲಿ ಮಾಮೂಲಿ ಅಕ್ಕಿ ಹಿಟ್ಟಿನ ಪಕ್ಕದಲ್ಲೇ ಅಂಟು ಅಕ್ಕಿಯ ಹಿಟ್ಟೂ ಇರುತ್ತದೆ, ನೋಡಲು ಎರಡೂ ಒಂದೇ. ಅಂಟು ಅಕ್ಕಿಯ ಹಿಟ್ಟಿನಲ್ಲಿ ನಿಪ್ಪಟ್ಟು ಆಗುವುದಿಲ್ಲ. ಪೊಟ್ಟಣದ ಮೇಲೆ ಓದಿ ತನ್ನಿ.

ಇನ್ನು ಕಾದ ಎಣ್ಣೆ. ಎಲ್ಲ ಒಣ ಸಾಮಾನು ಬೆರೆಸಿ, ಮಧ್ಯೆ ಗುಳಿ ಮಾಡಿ, ಹೊಗೆಯಾಡುವ ಹಂತಕ್ಕೆ ಸ್ವಲ್ಪ ಮೊದಲು ಇಳಿಸಿದ 3 ದೊಡ್ಡ ಚಮಚ ಎಣ್ಣೆ ಸುರಿಯುತ್ತೇನೆ. ಚೊಂಯ್ ಎನ್ನಬೇಕು. ಮೊದಲು ಚಮಚದಲ್ಲಿ, ಬಿಸಿ ಆರಿದ ಮೇಲೆ ಬೆರಳ ತುದಿಯಲ್ಲಿ ಎರಡು ನಿಮಿಷ ಉಜ್ಜುತ್ತೇನೆ. ಒಂದು ಹಿಡಿ ಹಿಟ್ಟು ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ನಿಲ್ಲದಿದ್ದರೆ ಎಣ್ಣೆ ಸಾಲದು, ಇನ್ನೊಂದು ಚಿಕ್ಕ ಚಮಚ. ಇದರ ಮೇಲೆ ಸುರಿದರೆ ಬಾಣಲೆಯಲ್ಲಿ ಅಂಚು ಕರಗಿ ಪುಡಿಯಾಗಿ ಎಣ್ಣೆಯ ತಳ ಸೇರುತ್ತದೆ.

ನೀರು ಮುಕ್ಕಾಲು ಕಪ್ ಹಿಡಿಯುತ್ತದೆ, ಹಿಟ್ಟು ಹಳೆಯದಾದರೆ ಇನ್ನೂ ಸ್ವಲ್ಪ. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಬೇಕು, ನಾದಬಾರದು. ಒಟ್ಟುಗೂಡಿದರೆ ಸಾಕು. ಒಮ್ಮೆಗೇ ಎಲ್ಲಕ್ಕೂ ನೀರು ಹಾಕದೆ ಎರಡು ಪಾಲು ಮಾಡಿಕೊಳ್ಳಿ. ಮೊದಲ ಪಾಲು ಕರಿಯುವ ಅರ್ಧ ಗಂಟೆಯಲ್ಲಿ ಕಾದು ಕೂತ ಹಿಟ್ಟಿನ ರವೆ ನೀರು ಕುಡಿದು ಬಿಗಿಯಾಗುತ್ತದೆ, ಮತ್ತೆ ನೀರು ಚಿಮುಕಿಸಬೇಕಾಗುತ್ತದೆ, ಆ ನಿಪ್ಪಟ್ಟು ಎಣ್ಣೆ ಕುಡಿಯುತ್ತದೆ.

ಸಣ್ಣ ನಿಂಬೆಹಣ್ಣಿನ ಗಾತ್ರದ ಉಂಡೆ, ಎಣ್ಣೆ ಸವರಿದ ಹಾಳೆಯ ಮೇಲೆ ಎರಡೂವರೆ ಅಂಗುಲ ಅಗಲಕ್ಕೆ, 3 ಮಿಲಿಮೀಟರ್ ದಪ್ಪಕ್ಕೆ ತಟ್ಟಿ. ಅಂಚು ಸೀಳಿದರೆ ಕೈ ಒದ್ದೆ ಮಾಡಿಕೊಂಡು ಕೂಡಿಸಿ. ಫೋರ್ಕಿನಲ್ಲಿ ನಾಲ್ಕೈದು ಕಡೆ ಚುಚ್ಚುವುದನ್ನು ಮರೆಯಬೇಡಿ. ಚುಚ್ಚದ ನಿಪ್ಪಟ್ಟು ಪೂರಿಯ ಹಾಗೆ ಉಬ್ಬುತ್ತದೆ, ಉಬ್ಬಿದ್ದರಲ್ಲಿ ಮೇಲ್ಪದರ ಕೆಂಪು, ಒಳಗೆ ಹಸಿ.

ಕರಿಯುವ ಎಣ್ಣೆ 160 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಕಡಲೆಕಾಳಿನಷ್ಟು ಹಿಟ್ಟು ಹಾಕಿ ನೋಡಿ. ತಳಕ್ಕೆ ಹೋಗಿ ಎರಡು ಮೂರು ಸೆಕೆಂಡಿಗೆ ನಿಧಾನ ಮೇಲೆ ಬಂದರೆ ಹದ. ಹಾಕಿದ ಕೂಡಲೇ ಚಿಮ್ಮಿ ತೇಲಿದರೆ ಎಣ್ಣೆ ಹೆಚ್ಚು ಕಾದಿದೆ. ಐದಾರು ನಿಪ್ಪಟ್ಟು ಬಿಟ್ಟು ಒಂದು ನಿಮಿಷ ಮುಟ್ಟದೆ ಇರಿ, ಆಮೇಲೆ ತಿರುವಿ ಹಾಕುತ್ತಾ ಒಟ್ಟು 6ರಿಂದ 8 ನಿಮಿಷ. ಬಣ್ಣ ನೋಡಿ ತೆಗೆಯುವವರು ಇಲ್ಲೇ ಮೋಸ ಹೋಗುತ್ತಾರೆ. ನೋಡಬೇಕಾದದ್ದು ನೊರೆ, ಕೇಳಬೇಕಾದದ್ದು ಸದ್ದು. ಆ ಸೊರಸೊರ ಎಲ್ಲ ಹಿಟ್ಟಿನೊಳಗಿನ ನೀರು ಆವಿಯಾಗುವ ಸದ್ದು. ಅದು ಅಡಗಿ, ಗುಳ್ಳೆ ಬಹುತೇಕ ನಿಂತ ಮೇಲೆ ತೆಗೆದರೆ ಎರಡು ವಾರವಾದರೂ ಮೆತ್ತಗಾಗದು. ಬಣ್ಣ ಬೇಕಾದದ್ದಕ್ಕಿಂತ ಒಂದು ಮಟ್ಟ ತಿಳಿಯಾಗಿದ್ದಾಗಲೇ ತೆಗೆಯಿರಿ, ಹೊರಗೆ ಬಂದ ಮೇಲೂ ಅದು ಒಂದಿಷ್ಟು ಕೆಂಪಾಗುತ್ತದೆ.

ಬಿಸಿಯಾಗಿದ್ದಾಗ ಒಂದರ ಮೇಲೊಂದು ಪೇರಿಸಿದರೆ ಇಷ್ಟೆಲ್ಲ ಮಾಡಿದ್ದೂ ಹಾಳು. ಜಾಲರಿಯ ಮೇಲೆ ಬಿಡಿಬಿಡಿಯಾಗಿ ಒಂದು ಗಂಟೆ ಆರಿಸಿ ಡಬ್ಬಕ್ಕೆ ಹಾಕಿ. ಮಾರನೇ ದಿನ ಮಧ್ಯಭಾಗ ಮೆತ್ತಗಿದ್ದರೆ ಉರಿ ಜಾಸ್ತಿಯಾಗಿತ್ತು ಎಂದೇ ಅರ್ಥ. ಇಂಥವನ್ನು 150 ಡಿಗ್ರಿ ಓವನ್ನಿನಲ್ಲಿ ಎಂಟು ಹತ್ತು ನಿಮಿಷ ಇಟ್ಟರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಕಲ್ಲಿನಂತೆ ಗಟ್ಟಿಯಾಗಿದ್ದರೆ ಅದಕ್ಕೆ ಮದ್ದಿಲ್ಲ. ಕಾದ ಎಣ್ಣೆ ಸಾಲದ್ದೋ ಹಿಟ್ಟು ನಾದಿದ್ದೋ ಕಾರಣ. ಕುಟ್ಟಿ ಪುಡಿ ಮಾಡಿ ಚುರುಮುರಿಗೆ ಬೆರೆಸಿ.

ಇದೇ ಹಿಟ್ಟನ್ನು ಹೊಸೆದು ಬಳೆ ಮಾಡಿದರೆ ಕೋಡುಬಳೆ ಆಗುತ್ತದಲ್ಲ ಎಂದು ಕೇಳುವವರಿದ್ದಾರೆ. ಪೂರ್ತಿ ಆಗದು. ಅದಕ್ಕೆ ಕಡಲೆಕಾಯಿ ಬೀಜ ಬೇಡ, ರವೆ ಮೈದಾ ಎರಡೂ ದುಪ್ಪಟ್ಟು ಬೇಕು, ಕೊಬ್ಬರಿ ಮತ್ತು ಮೆಣಸಿನಕಾಯಿಯನ್ನು ನೀರು ಸೋಕಿಸದೆ ಪುಡಿ ಮಾಡಿರಬೇಕು, ಹಿಟ್ಟನ್ನು ಚೆನ್ನಾಗಿ ನಾದಬೇಕು. ನಿಪ್ಪಟ್ಟಿಗೆ ನಾದಬಾರದು, ಕೋಡುಬಳೆಗೆ ನಾದದಿದ್ದರೆ ಬಳೆ ತಿರುವುವಾಗಲೇ ತುಂಡಾಗುತ್ತದೆ.

ನಿಪ್ಪಟ್ಟು ಮಸಾಲೆ

ಬೆಂಗಳೂರಿನ ವಿ.ವಿ. ಪುರಂ ತಿಂಡಿ ಬೀದಿಗೆ ಹೋದವರಿಗೆ ಇದರ ಪರಿಚಯ ಬೇಕಿಲ್ಲ. ಮನೆಯಲ್ಲಿ ಆರು ನಿಪ್ಪಟ್ಟಿಗೆ ಒಂದು ಈರುಳ್ಳಿ, ಅರ್ಧ ಟೊಮೆಟೊ (ಬೀಜ, ರಸ ತೆಗೆದು), ಒಂದು ಸಣ್ಣ ಕ್ಯಾರೆಟ್ ತುರಿ, ಒಂದು ಹಿಡಿ ಕೊತ್ತಂಬರಿ, ಒಂದು ಹಿಡಿ ಕಡಲೆಪುರಿ, ಅರ್ಧ ನಿಂಬೆ. ಚಟ್ನಿಗೆ ಒಂದು ಕಟ್ಟು ಕೊತ್ತಂಬರಿ, ಕಾಲು ಕಟ್ಟು ಪುದೀನ, ಮೂರು ಹಸಿಮೆಣಸಿನಕಾಯಿ, ಒಂದು ದೊಡ್ಡ ಚಮಚ ಹುರಿಗಡಲೆ, ಉಪ್ಪು. ಹುರಿಗಡಲೆ ಬಿಡಬೇಡಿ, ಚಟ್ನಿ ನೀರೊಡೆಯದಂತೆ ಹಿಡಿದಿಡುವುದು ಅದೇ. ಮೊದಲು ನಿಪ್ಪಟ್ಟಿನ ಮೇಲೆ ತೆಳುವಾಗಿ ಚಟ್ನಿ, ಆಮೇಲೆ ತರಕಾರಿ, ಮೇಲೆ ಪುರಿ, ಕೊನೆಗೆ ಉಪ್ಪು ಮತ್ತು ನಿಂಬೆರಸ. ಉಪ್ಪನ್ನು ತರಕಾರಿಗೆ ಮೊದಲೇ ಬೆರೆಸಿಟ್ಟರೆ ಐದು ನಿಮಿಷದಲ್ಲಿ ನೀರು ಬಿಟ್ಟು ನಿಪ್ಪಟ್ಟು ತೊಯ್ಯುತ್ತದೆ. ಕೋಸಂಬರಿಗೂ ಇದೇ ಕಾನೂನು. ಹೆಸರುಬೇಳೆ ಒಂದು ಗಂಟೆ ನೆನೆಸಿ ಬಸಿದು ಸೌತೆಕಾಯಿ ಹೆಚ್ಚಿಡಿ, ಉಪ್ಪು ಮಾತ್ರ ಬಡಿಸುವ ಹೊತ್ತಿಗೆ.

ಪುರಿ, ಮಂಡಕ್ಕಿ, ಚುರಮರಿ

ಮೈಸೂರು, ಬೆಂಗಳೂರು ಕಡೆ ಕಡಲೆಪುರಿ, ದಾವಣಗೆರೆಯಲ್ಲಿ ಮಂಡಕ್ಕಿ, ಧಾರವಾಡದ ಕಡೆ ಚುರಮರಿ. ಹೆಸರು ಏನೇ ಇರಲಿ, ಗುಣ ಒಂದೇ: ಗಾಳಿಯಲ್ಲಿದ್ದ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ಹಾಗಾಗಿ ಚೀಲದಿಂದ ನೇರ ಕಲಸುವುದಿಲ್ಲ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕೈಯಾಡಿಸಿ, ಪೂರ್ತಿ ಆರಿಸಿ ಕಲಸುತ್ತೇನೆ. ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ಚಪ್ಪಟೆಯಾಗಬಾರದು.

ಹುಬ್ಬಳ್ಳಿ ಧಾರವಾಡದ ಗಿರ್ಮಿಟ್ಟಿನ ಜೀವ ಅದರ ಗೊಜ್ಜು. 100 ಗ್ರಾಂ ಚುರಮರಿಗೆ, ಅಂದರೆ ಆರು ಜನಕ್ಕೆ, ಎಣ್ಣೆ 4 ದೊಡ್ಡ ಚಮಚ. ಸಾಸಿವೆ, ಜೀರಿಗೆ ಸಿಡಿದ ಮೇಲೆ ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಕರಿಬೇವು, ಸಣ್ಣಗೆ ಹೆಚ್ಚಿದ ನಾಲ್ಕು ಹಸಿಮೆಣಸಿನಕಾಯಿ, ಎರಡು ಈರುಳ್ಳಿ. ಈರುಳ್ಳಿ ಮೆತ್ತಗಾದಾಗ ಅರ್ಧ ಚಿಕ್ಕ ಚಮಚ ಅರಿಶಿನ, ಒಂದು ಟೊಮೆಟೊ, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ಗಟ್ಟಿ ರಸ, ಒಂದು ದೊಡ್ಡ ಚಮಚ ಬೆಲ್ಲ, ಉಪ್ಪು. ಎಣ್ಣೆ ಅಂಚಿಗೆ ಬಿಡುವವರೆಗೆ ಕುದಿಸಬೇಕು. ನೀರಾಗಿ ಇಳಿಸಿದರೆ ಚುರಮರಿ ಕಲಸನ್ನವಾಗುತ್ತದೆ. ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಬರುತ್ತದೆ.

ಕಲಸುವಾಗ ಮೊದಲು ಪಾತ್ರೆಗೆ ಆರಿದ ಗೊಜ್ಜು, ಅದಕ್ಕೆ ಮೂರು ದೊಡ್ಡ ಚಮಚ ಪುಟಾಣಿ ಹಿಟ್ಟು ಬೆರೆಸಿ, ಅದರ ಮೇಲೆ ಚುರಮರಿ. ಪುಟಾಣಿ ಎಂದರೆ ನಮ್ಮ ಹುರಿಗಡಲೆಯೇ. ಗೊಜ್ಜಿನ ಪಸೆಯನ್ನು ಆ ಹಿಟ್ಟು ಹಿಡಿದುಕೊಳ್ಳುವುದರಿಂದ ಚುರಮರಿಗೆ ಹತ್ತು ನಿಮಿಷ ಆಯುಸ್ಸು ಹೆಚ್ಚು. ಬಿಸಿ ಗೊಜ್ಜು ಹಾಕಿದಿರೋ, ಆವಿಗೇ ಸೊರಗುತ್ತದೆ. ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ಸೇವು. ಪಕ್ಕದಲ್ಲಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ, ಇಲ್ಲದ ಗಿರ್ಮಿಟ್ಟನ್ನು ಆ ಕಡೆಯವರು ಒಪ್ಪುವುದಿಲ್ಲ, ಅವರು ಹೇಳುವುದು ಸರಿ.

ಮಂಗಳೂರಿನ ಚರುಮುರಿಗೆ ಗೊಜ್ಜೂ ಬೇಡ, ಪುರಿ ಬೆಚ್ಚಗೆ ಮಾಡುವುದು ಬಿಟ್ಟರೆ ಒಲೆಯೂ ಬೇಡ. ನಾಲ್ಕು ಕಪ್ ಪುರಿಗೆ 2 ಚಿಕ್ಕ ಚಮಚ ಹಸಿ ತೆಂಗಿನೆಣ್ಣೆ, 1 ಚಿಕ್ಕ ಚಮಚ ಖಾರದ ಪುಡಿ, ಉಪ್ಪು ಹಾಕಿ ಮೊದಲು ಚೆನ್ನಾಗಿ ಕುಲುಕಬೇಕು. ಪುರಿಗೆ ಎಣ್ಣೆಯ ಪೊರೆ ಕೂತ ಮೇಲೆ ಈರುಳ್ಳಿ, ಕ್ಯಾರೆಟ್ ತುರಿ, ಟೊಮೆಟೊ, ನಿಂಬೆರಸ. ಕ್ರಮ ತಿರುಗಿಸಿದರೆ ತರಕಾರಿಯ ನೀರು ಮೊದಲು ಒಳಗೆ ಹೋಗುತ್ತದೆ. ತೆಂಗಿನೆಣ್ಣೆಯ ಬದಲು ಬೇರೆ ಎಣ್ಣೆ ಹಾಕಿದರೆ ತಿನ್ನಲು ಅಡ್ಡಿಯಿಲ್ಲ, ಮಂಗಳೂರಿನದು ಅನ್ನಲಾಗದು ಅಷ್ಟೆ.

ಖಾರದ ಅವಲಕ್ಕಿ

ಪೇಪರ್ ಅವಲಕ್ಕಿ 250 ಗ್ರಾಂ. ಎರಡು ಕಂತಿನಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿಯಿರಿ, ಮುರಿದರೆ ಚಟ್ ಎನ್ನಬೇಕು, ಬಣ್ಣ ತಿರುಗಬಾರದು. ಉರಿ ಜೋರಾದರೆ ಸುರುಟಿಕೊಳ್ಳುತ್ತದೆ. 4 ದೊಡ್ಡ ಚಮಚ ಎಣ್ಣೆಯಲ್ಲಿ ಅರ್ಧ ಕಪ್ ಕಡಲೆಕಾಯಿ ಬೀಜ, ಅದು ಕೆಂಪಾದ ಮೇಲೆ ಅರ್ಧ ಕಪ್ ಹುರಿಗಡಲೆ, ಕೊಬ್ಬರಿ ಚೂರು, ಕೊನೆಗೆ ಹಸಿಮೆಣಸಿನಕಾಯಿ ಮತ್ತು ಕರಿಬೇವು. ಈ ಎರಡರಲ್ಲಿ ತೇವ ಉಳಿದರೆ ಮೂರನೇ ದಿನಕ್ಕೆ ಇಡೀ ಡಬ್ಬ ಮೆತ್ತಗಾಗುತ್ತದೆ, ಆದ್ದರಿಂದ ಎಲೆ ಕೈಯಲ್ಲಿ ಪುಡಿಯಾಗುವವರೆಗೆ ಬಿಡಿ. ಉಪ್ಪು ಒಂದೂವರೆ ಚಿಕ್ಕ ಚಮಚ, ಸಕ್ಕರೆ ಎರಡು, ಒಟ್ಟಿಗೆ ನುಣ್ಣಗೆ ಪುಡಿ ಮಾಡಿ, ಒಲೆ ಆರಿಸಿದ ಮೇಲೆ ಅರಿಶಿನ, ಇಂಗಿನ ಜೊತೆ ಎಣ್ಣೆಗೇ ಹಾಕಿ ಅವಲಕ್ಕಿ ಸುರಿಯಿರಿ. ಹರಳಾಗಿ ಮೇಲಿಂದ ಉದುರಿಸಿದ ಉಪ್ಪು ಡಬ್ಬದ ತಳ ಸೇರಿ ಮೇಲಿನದು ಸಪ್ಪೆ, ಕೆಳಗಿನದು ಸಮುದ್ರ.

ಬಿಸಿಯಾಗಿ ಏನಾದರೂ ಬೇಕೇ ಬೇಕು ಎಂದರೆ

ಮೆಣಸಿನಕಾಯಿ ಬಜ್ಜಿಗೆ 1 ಕಪ್ ಕಡಲೆಹಿಟ್ಟು, 2 ದೊಡ್ಡ ಚಮಚ ಅಕ್ಕಿ ಹಿಟ್ಟು, ಅರ್ಧ ಚಿಕ್ಕ ಚಮಚ ಓಂಕಾಳು, ಖಾರ, ಉಪ್ಪು, 1 ದೊಡ್ಡ ಚಮಚ ಕಾದ ಎಣ್ಣೆ. ಸೋಡಾ ಒಂದು ಚಿಟಿಕೆ ಮೀರಿದರೆ ಹಿಟ್ಟಿನಲ್ಲಿ ತೂತು ಜಾಸ್ತಿಯಾಗಿ ಅಷ್ಟರಲ್ಲೂ ಎಣ್ಣೆ ತುಂಬುತ್ತದೆ. ಮೆಣಸಿನಕಾಯಿಯನ್ನು ಒರೆಸಿ ಅದ್ದಿ, ಒದ್ದೆಯಿದ್ದರೆ ಹಿಟ್ಟು ಜಾರುತ್ತದೆ. ಎಣ್ಣೆ ಇಲ್ಲಿ 180 ಡಿಗ್ರಿ, ನಿಪ್ಪಟ್ಟಿನ ಕಾವು ಸಾಲದು.

ಮದ್ದೂರು ವಡೆಗೆ 1 ಕಪ್ ಚಿರೋಟಿ ರವೆ, ಅಕ್ಕಿ ಹಿಟ್ಟು, ಮೈದಾ ತಲಾ ಅರ್ಧ ಕಪ್, 3 ದೊಡ್ಡ ಚಮಚ ಕಾದ ಎಣ್ಣೆ, ತೆಳ್ಳಗೆ ಉದ್ದುದ್ದ ಹೆಚ್ಚಿದ ಎರಡು ಈರುಳ್ಳಿ, ಮೂರು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ. ಈರುಳ್ಳಿಗೆ ಉಪ್ಪು ಹಾಕಿ ಹಿಸುಕಿ ಐದು ನಿಮಿಷ ಬಿಟ್ಟು, ಅದೇ ನೀರಿನಲ್ಲಿ ಹಿಟ್ಟು ಕಲಸಲು ಶುರುಮಾಡಿ. ಮೇಲೆ ನಾಲ್ಕೈದು ದೊಡ್ಡ ಚಮಚ ನೀರು ಸಾಕಾಗುತ್ತದೆ. ಮೊದಲೇ ನೀರು ಸುರಿದು ಕಲಸಿದವರ ಹಿಟ್ಟು ಹತ್ತು ನಿಮಿಷ ಕಳೆದರೆ ಈರುಳ್ಳಿಯ ನೀರೂ ಸೇರಿ ಸಡಿಲವಾಗಿ ತಟ್ಟಲು ಬರುವುದಿಲ್ಲ. ನಿಪ್ಪಟ್ಟಿಗಿಂತ ಎರಡು ಪಟ್ಟು ದಪ್ಪ, ಅಂಗೈ ಅಗಲ, ಮಧ್ಯಮ ಉರಿಯಲ್ಲಿ ಆರು ನಿಮಿಷ. ಹೊರಗೆ ಗರಿ, ಒಳಗೆ ಸ್ವಲ್ಪ ಮೆದು ಇರುವುದೇ ಇದರ ಹದ, ಆದ್ದರಿಂದ ಇದನ್ನು ನಿಪ್ಪಟ್ಟಿನ ಡಬ್ಬಕ್ಕೆ ಹಾಕಬೇಡಿ. ವಡೆಯೊಳಗಿನ ಈರುಳ್ಳಿಯ ತೇವ ರಾತ್ರಿ ಕಳೆಯುವುದರಲ್ಲಿ ನಿಪ್ಪಟ್ಟಿಗೂ ದಾಟಿರುತ್ತದೆ.