ಇಬ್ಬರಿಗೆ ಒಂದು ಚಪಾತಿ ಮಣೆ ಸಾಕು

ಶನಿವಾರ ಸಂಜೆ ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮಕ್ಕಳು ಬೇರೆ ಊರು ಸೇರಿ ಆರು ವರ್ಷ ಆಯಿತು. ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಊರಿನ ಈ ಮನೆಯಲ್ಲಿ ಈಗ ನಾನು, ನಮ್ಮ ಯಜಮಾನರು, ಇಬ್ಬರೇ. ಸಾರು ಕುದಿಸುವುದೇ ಬೇಡ ಅನ್ನಿಸಿದ ದಿನ ಒಂದು ಮಣೆಯ ಮೇಲೆ ಚೀಸು, ತೆಳ್ಳಗೆ ಕೊಯ್ದ ಬಾಡು, ನಾಲ್ಕು ಹಣ್ಣು, ಬ್ರೆಡ್ಡು ಜೋಡಿಸಿಕೊಂಡು ಕೂತುಬಿಡುತ್ತೇವೆ. ಇಲ್ಲಿ ಇದಕ್ಕೆ ಶಾರ್ಕೂಟರಿ ಬೋರ್ಡ್ ಅನ್ನುತ್ತಾರೆ.

ಹೆಸರು ಕೇಳಿ ಹೆದರಬೇಡಿ. ಫ್ರೆಂಚಿನವರ ಮಾತು ಅದು. ಹಂದಿ ಮಾಂಸಕ್ಕೆ ಉಪ್ಪು ಹಚ್ಚಿ, ಒಣಗಿಸಿ, ಹೊಗೆ ಕೊಟ್ಟು ಕೆಡದ ಹಾಗೆ ಇಡುವ ಕಸುಬಿಗೂ, ಅದನ್ನು ಮಾರುವ ಅಂಗಡಿಗೂ ಅದೇ ಹೆಸರು. ನಮ್ಮ ಹಾಸನದ ಕಡೆ ಉಪ್ಪುಕಂಡ ಇಲ್ವಾ, ಹೆಚ್ಚುಕಮ್ಮಿ ಅದೇ ಲೆಕ್ಕ. ನಮ್ಮವ್ವ ಬಾಡನ್ನು ಉದ್ದುದ್ದಕ್ಕೆ ಸೀಳಿ, ಉಪ್ಪು ಅರಿಶಿನ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಿದ್ದಳು. ಕಾಗೆ ಓಡಿಸುವ ಕೆಲಸ ನನ್ನದು. ಇಟಲಿಯ ಪಾರ್ಮಾದ ಪ್ರೊಶೂಟೊ ಕೂಡ ಹಂದಿಯ ತೊಡೆ ಮತ್ತು ಉಪ್ಪು, ಅಷ್ಟೇ. ಆದರೆ ಒಂದು ವರ್ಷಕ್ಕೂ ಜಾಸ್ತಿ ತೂಗುಹಾಕಿ ಮಾಗಿಸುತ್ತಾರೆ. ಉಪ್ಪುಕಂಡವನ್ನು ಹುರಿದೋ ಬೇಯಿಸಿಯೋ ತಿನ್ನುತ್ತೇವೆ, ಇದನ್ನು ಹಾಗೇ ತಿನ್ನುವುದು.

ಮೊದಲ ಸಲ ನಾನು ಫೋಟೋ ನೋಡಿ ಮೋಸ ಹೋದೆ. ಫೋಟೋದಲ್ಲಿ ಇರುವುದೆಲ್ಲ ಹನ್ನೆರಡು ಜನರ ಹಲಗೆ. ಐದು ಬಗೆ ಚೀಸು, ಮೂರು ಬಗೆ ಬಾಡು ತಂದೆ. ಬಿಲ್ಲು ಅರವತ್ತು ಡಾಲರ್ ದಾಟಿತು. ರಾತ್ರಿಯಾಗುವ ಹೊತ್ತಿಗೆ ಪ್ರೊಶೂಟೊದ ಅಂಚೆಲ್ಲ ಹಪ್ಪಳದ ಹಾಗೆ ಒಣಗಿತ್ತು. ಉಳಿದ ಚೀಸು ಎರಡು ವಾರ ಫ್ರಿಜ್ಜಿನಲ್ಲಿ ನನ್ನನ್ನೇ ನೋಡುತ್ತಾ ಕೂತಿತ್ತು.

ಈಗ ಲೆಕ್ಕ ಹೀಗಿದೆ. ಈ ಮಣೆಯೇ ರಾತ್ರಿ ಊಟ ಅನ್ನುವುದಾದರೆ ಇಬ್ಬರಿಗೂ ಸೇರಿ ಚೀಸು 150 ಗ್ರಾಂ, ಎರಡು ಬಗೆ. ಬಾಡು ಕಾಲು ಪೌಂಡು, ಅಂದರೆ 113 ಗ್ರಾಂ. ಅದರಲ್ಲೂ ಎರಡು ಬಗೆ ಇರಲಿ. ಆಮೇಲೆ ಊಟ ಇದೆ ಅಂದರೆ ಇದರಲ್ಲಿ ಅರ್ಧ ಸಾಕು. ಪ್ಯಾಕೆಟ್ ಎತ್ತಿಕೊಳ್ಳಬೇಡಿ. ಅಂಗಡಿಯಲ್ಲಿ ಬಾಡು, ಚೀಸು ಕೇಳಿದಷ್ಟು ಕೊಯ್ದು ಕೊಡುವ ಡೆಲಿ ಕೌಂಟರಿಗೆ ಹೋಗಿ "ನಾಲ್ಕು ಸ್ಲೈಸ್ ಪ್ರೊಶೂಟೊ ಕೊಡಿ" ಅಂತ ಕೇಳಿ. ಕೊಡುತ್ತಾರೆ. ನನಗೆ ಹಾಗೆ ಕೇಳುವುದಕ್ಕೆ ಸಂಕೋಚ ಬಿಡಲು ಮೂರು ವರ್ಷ ಹಿಡಿಯಿತು!

ಮಣೆಗೂ ದುಡ್ಡು ಸುರಿಯಬೇಡಿ. ಚಪಾತಿ ಮಣೆ ಇದೆಯಲ್ಲ, ದುಂಡಗೆ, ಹತ್ತಿಂಚು, ಇಬ್ಬರಿಗೆ ಹೇಳಿ ಮಾಡಿಸಿದ ಅಳತೆ. ಚಿಕ್ಕ ಕಾಲಿನ ಮೇಲೆ ನಿಂತರೆ ನೋಡಲೂ ಚೆಂದ. ಆದರೆ ಚಪಾತಿ ಲಟ್ಟಿಸುವ ಮಣೆಯನ್ನೇ ತೆಗೆಯಬೇಡಿ. ಬಾಡಿನ ಜಿಡ್ಡು ಮರಕ್ಕೆ ಇಳಿದರೆ ಸುಲಭಕ್ಕೆ ಹೋಗುವುದಿಲ್ಲ. ನಾನು ಓಕ್ ಟ್ರೀ ರೋಡಿನ ನಮ್ಮವರ ಅಂಗಡಿಯಿಂದ ಇದಕ್ಕೇ ಅಂತ ಇನ್ನೊಂದು ತಂದಿಟ್ಟಿದ್ದೇನೆ.

ಚೀಸಿನಲ್ಲಿ ಒಂದು ಗಟ್ಟಿ, ಒಂದು ಮೆತ್ತಗಿನದು. ನಮ್ಮಲ್ಲಿ ಪಾರ್ಮೆಸಾನ್ ಮತ್ತು ಬ್ರೀ. ತಿನ್ನುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗಿಡಿ. ತಣ್ಣಗಿರುವ ಬ್ರೀ ಸೋಪಿನ ಹಾಗಿರುತ್ತದೆ, ರುಚಿಯೇ ಗೊತ್ತಾಗಲ್ಲ. ಅದರ ಬಿಳಿ ಸಿಪ್ಪೆ ತಿನ್ನುವುದೇ, ಕೆರೆದು ಬಿಸಾಡಬೇಡಿ. ಪಾರ್ಮೆಸಾನನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ಯಬಾರದು. ಅಚ್ಚು ಬೆಲ್ಲ ಒಡೆದ ಹಾಗೆ ಚಾಕುವಿನ ತುದಿ ಚುಚ್ಚಿ, ಸ್ವಲ್ಪ ತಿರುಗಿಸಿ. ತಾನೇ ಉದುರುತ್ತದೆ. ಹರಳು ಹರಳಾದ ಆ ಒರಟು ತುಂಡಿನಲ್ಲೇ ರುಚಿ ಜಾಸ್ತಿ. ಮನೆಗೆ ಬಂದವರು ಸಸ್ಯಾಹಾರಿಗಳಾದರೆ ಒಂದು ಮಾತು. ಇಟಲಿಯ ಅಸಲಿ ಪಾರ್ಮೆಸಾನಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಅವರಿಗೆ ವೆಜಿಟೇರಿಯನ್ ರೆನೆಟ್ ಅಂತ ಬರೆದಿರುವ ಚೀಸು ನೋಡಿ ತನ್ನಿ.

ಪ್ರೊಶೂಟೊದ ಕೆಲಸ ಚೀಸಿಗೆ ತಿರುಗಾಮುರುಗಾ. ತಣ್ಣಗಿರುವಾಗಲೇ ಕಾಗದದಿಂದ ಬಿಡಿಸಬೇಕು. ಕೊಬ್ಬು ಮೆತ್ತಗಾದರೆ ಕೈಗೆ ಅಂಟಿ ಹರಿದುಹೋಗುತ್ತದೆ. ಒಂದೊಂದೇ ಹಾಳೆ ಎತ್ತಿ, ಸೀರೆ ನೆರಿಗೆ ಹಿಡಿದ ಹಾಗೆ ಸಡಿಲವಾಗಿ ಮಡಿಸಿ, ಮಣೆಗೆ ಬಿಡಿ. ಚಪ್ಪಟೆಯಾಗಿ ಹಾಸಿದರೆ ಒಂದಕ್ಕೊಂದು ಕಚ್ಚಿಕೊಂಡು ಮುದ್ದೆಯಾಗುತ್ತದೆ. ಕಾಲು ಗಂಟೆ ಹೊರಗಿದ್ದರೆ ಸಾಕು. ಸಲಾಮಿ ಅಂದರೆ ಕೊಚ್ಚಿದ ಬಾಡನ್ನು ಹೊದಿಕೆಯಲ್ಲಿ ತುಂಬಿ ಒಣಗಿಸಿದ್ದು. ಅದನ್ನು ಇಡಿಯಾಗಿ ತಂದರೆ ಮೇಲಿನ ಸಿಪ್ಪೆ ನೋಡಿ. ಕೆಲವದು ತಿನ್ನುವಂಥದ್ದು, ಕೆಲವದು ಬರೀ ಕಾಗದದಂಥ ಹೊದಿಕೆ. ಒಂದು ಸಲ ಮರೆತು ಹಾಗೇ ಕೊಯ್ದಿಟ್ಟೆ. ನಮ್ಮ ಯಜಮಾನರು ಐದು ನಿಮಿಷ ಅಗಿದು "ಇದೇನೇ, ಗೋಣಿ ದಾರ ಇದ್ದಂಗಿದೆ" ಅಂದರು.

ಇಷ್ಟು ಉಪ್ಪು, ಇಷ್ಟು ಕೊಬ್ಬಿಗೆ ಹುಳಿ ಬೇಕೇ ಬೇಕು. ಅದಕ್ಕೆ ಕಿರುಬೆರಳಿನಷ್ಟು ಮಿಡಿ ಸೌತೆಯ ಉಪ್ಪಿನಕಾಯಿ ಇಡುತ್ತಾರೆ, ಕಾರ್ನಿಷೋನ್ ಅಂತ. ಬಾಟಲಿ ತಿರುಗಿಸಿ ನೋಡಿ, ಎಷ್ಟೋ ಸಲ ಪ್ರಾಡಕ್ಟ್ ಆಫ್ ಇಂಡಿಯಾ ಅಂತಿರುತ್ತದೆ. ಭಾರತದಲ್ಲಿ ಈ ಬೆಳೆ 1990ರ ದಶಕದಲ್ಲಿ ಶುರುವಾಗಿದ್ದೇ ಕರ್ನಾಟಕದಲ್ಲಿ. ನಮ್ಮ ರೈತರು ಜರ್ಕಿನ್ ಅಂತ ಬೆಳೆದು, ಕಂಪನಿಗೆ ಕೊಟ್ಟು, ಹಡಗು ಹತ್ತಿಸುವುದು ಇದನ್ನೇ. ನಮ್ಮೂರ ಕಡೆಯ ಕಾಯಿ ಇರಬಹುದೇನೋ ಅಂತ ನಾನು ಒಂದು ಜಾಸ್ತಿಯೇ ತಿನ್ನುತ್ತೇನೆ.

ನಮ್ಮ ಮಾವಿನ ಮಿಡಿಯನ್ನೂ ಇಟ್ಟು ನೋಡಿದ್ದೇನೆ. ಬ್ರೀ ಜೊತೆ ಆಗಿಬರಲ್ಲ, ಅದರ ರುಚಿಯನ್ನೇ ನುಂಗಿಬಿಡುತ್ತದೆ. ಹಳೆಯ ಚೆಡ್ಡಾರ್ ಚೀಸಿನ ಜೊತೆ ಮಾತ್ರ, ಅದರಲ್ಲೂ ನಿಪ್ಪಟ್ಟಿನ ಮೇಲೆ, ಬಹಳ ಸೊಗಸು. ಪ್ರೊಶೂಟೊ ಪಕ್ಕ ನಿಪ್ಪಟ್ಟು ಬೇಡ. ಅದಕ್ಕೆ ಸಪ್ಪೆ ಬ್ರೆಡ್ಡೇ ಸರಿ. ಬ್ಯಾಗೆಟ್ ಅನ್ನುವ ಉದ್ದನೆಯ ಫ್ರೆಂಚ್ ಬ್ರೆಡ್ಡು ಅರ್ಧ ಸಾಕು, ಉಳಿದರ್ಧ ಫ್ರೀಜರಿಗೆ. ಹಣ್ಣಿನಲ್ಲಿ ಒಂದು ಗೊಂಚಲು ದ್ರಾಕ್ಷಿ ಅಥವಾ ಒಂದು ಪೇರ್ ಹಣ್ಣು, ಜೊತೆಗೆ ಒಂದು ಹಿಡಿ ಬಾದಾಮಿ. ಜೇನುತುಪ್ಪವನ್ನು ಬಟ್ಟಲಲ್ಲೇ ಇಡಿ. ಮಣೆ ಮೇಲೆ ಸುರಿದರೆ ಹರಿದು ಬ್ರೆಡ್ಡು, ನಿಪ್ಪಟ್ಟನ್ನೆಲ್ಲ ಮೆತ್ತಗೆ ಮಾಡುತ್ತದೆ.

ಮನೆಯಲ್ಲಿ ಬಸುರಿ ಇದ್ದರೆ ಈ ಮಣೆ ಅವಳಿಗಲ್ಲ. ಬ್ರೀಯಂಥ ಮೆತ್ತಗಿನ ಚೀಸು, ತಣ್ಣಗಿನ ಬಾಡು ಎರಡರಲ್ಲೂ ಲಿಸ್ಟೀರಿಯಾ ಅನ್ನುವ ಕ್ರಿಮಿ ಇರುವ ಭಯ. ಅದು ಫ್ರಿಜ್ಜಿನ ಚಳಿಗೂ ಸಾಯುವುದಿಲ್ಲ. ಮಗಳು ಬಸುರಿಯಾಗಿ ಇಲ್ಲಿದ್ದಾಗ ಅವಳಿಗೆ ಗಟ್ಟಿ ಚೀಸು, ಹಣ್ಣು ಮಾತ್ರ ಬೇರೆ ತಟ್ಟೆಯಲ್ಲಿ ಕೊಟ್ಟೆ. ಮುಖ ಊದಿಸಿಕೊಂಡೇ ತಿಂದಳು. ಬಿಪಿ ಇರುವವರು ಪ್ರೊಶೂಟೊವನ್ನು ಎರಡು ಹಾಳೆಗೆ ನಿಲ್ಲಿಸಿ. ಇದನ್ನು ನಮ್ಮ ಯಜಮಾನರಿಗೆ ವಾರ ವಾರ ಹೇಳುತ್ತೇನೆ.

ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ಉಳಿದ ಚೀಸನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಬೆವರುತ್ತದೆ. ಬೇಕಿಂಗ್ ಪೇಪರಿನಲ್ಲಿ ಸುತ್ತಿ, ಡಬ್ಬಿಯಲ್ಲಿ ಇಡಿ. ಗಟ್ಟಿ ಚೀಸಿಗೆ ಬೂಷ್ಟು ಬಂದರೆ ಸುತ್ತ ಒಂದು ಇಂಚು ಕೊಯ್ದು ತೆಗೆದು ತಿನ್ನಬಹುದು, ಮೆತ್ತಗಿನದಕ್ಕೆ ಹೊಸ ಬೂಷ್ಟು ಬಂದರೆ ಸೀದಾ ಕಸಕ್ಕೆ. ಸಲಾಮಿ ಚೂರು ಉಳಿದರೆ ಭಾನುವಾರ ಬೆಳಿಗ್ಗೆ ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಆಮ್ಲೆಟ್ಟಿಗೆ ಹಾಕಿ. ಮೊಟ್ಟೆಗೆ ಬೇರೆ ಉಪ್ಪು ಹಾಕಬೇಡಿ, ಸಲಾಮಿಯಲ್ಲಿ ಇರುವುದೇ ಸಾಕು.